ಮನೆ–ತೋಟದ ಮಾತು: ಮರವೇರುವ ವೈದ್ಯ

ಕಳೆದ ತಿಂಗಳು ಈ ಪುಟದಲ್ಲಿ, ಮಳೆಗಾಲಕ್ಕೆ ಮೊದಲು ಮನೆಯ ಮಾಡನ್ನು ಸರಿಪಡಿಸಿಕೊಳ್ಳುವ ವಿಚಾರವನ್ನು ಬರೆದಿದ್ದೆವು. ಮಾಡು ಸರಿಯಾದ ಮೇಲೆ ಮಲೆನಾಡಿನ ಗೃಹಸ್ಥನು ತಲೆಯೆತ್ತಿ ನೋಡುವುದು ಅಡಿಕೆಯ ತೋಟದ ಕಡೆಗೆ. ಮಿಡಿಗಾಯಿಗಳು ಗೊನೆಗಟ್ಟಿ ನಿಂತಿವೆ, ಮಳೆಯು ಬಾಗಿಲಿಗೆ ಬಂದಿದೆ, ಮರಕ್ಕೆ ಔಷಧವಾಗಬೇಕು. ಆಗ ಮನೆಮನೆಯಲ್ಲಿಯೂ ಕೇಳಿಬರುವ ಪ್ರಶ್ನೆ ಒಂದೇ: “ಕೊನೆಗಾರ ಎಂದು ಬರುತ್ತಾನೆ?”

ಮನುಷ್ಯರ ರೋಗಕ್ಕೆ ವೈದ್ಯರುಂಟು; ದನಕರುಗಳ ರೋಗಕ್ಕೂ ವೈದ್ಯರುಂಟು. ಮರದ ರೋಗಕ್ಕೆ ಔಷಧವೇನೆಂಬುದನ್ನು ಕೃಷಿಪಂಡಿತರು ಹೇಳಬಲ್ಲರು. ಆದರೆ 40–50 ಅಡಿ ಎತ್ತರದಲ್ಲಿ, ಗಾಳಿಗೆ ತೊನೆಯುವ ಸಣ್ಣ ಮರದ ತುದಿಯಲ್ಲಿರುವ ರೋಗಿಯ ಬಳಿಗೆ ಆ ಔಷಧವನ್ನು ಒಯ್ದು ಮುಟ್ಟಿಸುವವನು ಕೊನೆಗಾರನು. ಅಡಿಕೆಯ ಗೊನೆಗೆ ಮಲೆನಾಡಿನಲ್ಲಿ ಕೊನೆಯೆಂದು ಹೆಸರು. ಅದರಿಂದ ಅವನಿಗೆ ಈ ಹೆಸರು ಬಂದಿತು. ಕೊನೆಯನ್ನು ಕೊಯ್ಯುವುದಷ್ಟೇ ಅವನ ಕೆಲಸವೆಂದು ತಿಳಿದವರು ಅವನ ವಿದ್ಯೆಯ ಅರ್ಧವನ್ನು ಮಾತ್ರ ಬಲ್ಲರು.

ಅವನ ಸಲಕರಣೆಗಳನ್ನು ಒಮ್ಮೆ ನೋಡೋಣ. ಮೊದಲನೆಯದು ತಳೆ. ನಾರು ಅಥವಾ ಹಗ್ಗದಿಂದ ಮಾಡಿದ ಒಂದು ಕುಣಿಕೆ. ಎರಡು ಪಾದಗಳಿಗೂ ಸಿಕ್ಕಿಸಿಕೊಂಡರೆ ಅಂಗಾಲುಗಳು ಮರವನ್ನು ಇಕ್ಕಳದಂತೆ ಹಿಡಿಯುತ್ತವೆ. ಕೈಗಳಿಂದ ಮರವನ್ನು ಬಳಸಿ ಮೈಯನ್ನು ಮೇಲಕ್ಕೆಳೆದು, ಪಾದಗಳನ್ನು ಒಟ್ಟಿಗೆ ಎತ್ತಿ ಮತ್ತೆ ಒತ್ತಿ ನಿಲ್ಲುವುದೇ ಏರುವ ಕ್ರಮ. ಇಷ್ಟು ಸಾಧಾರಣವಾದ ವಸ್ತುವಿನಲ್ಲಿ ಒಂದು ದೊಡ್ಡ ಗುಣವುಂಟು. ಅದು ಮರಕ್ಕೆ ಗಾಯ ಮಾಡುವುದಿಲ್ಲ. ಮಾವು, ಹಲಸುಗಳ ತೊಗಟೆಗೆ ಪೆಟ್ಟಾದರೆ ಸುತ್ತಲಿಂದ ಹೊಸ ತೊಗಟೆ ಬೆಳೆದು ಕಾಲಕ್ರಮದಲ್ಲಿ ಗಾಯವನ್ನು ಮುಚ್ಚುತ್ತದೆ. ಅಡಿಕೆ, ತೆಂಗುಗಳ ಕಾಂಡದಲ್ಲಿ ಹಾಗೆ ಹೊಸದಾಗಿ ಬೆಳೆಯುವ ಪದರವಿಲ್ಲ. ಅಲ್ಲಿ ಆದ ಗಾಯವು ಮರವಿರುವವರೆಗೂ ಗಾಯವೇ. ಕಬ್ಬಿಣದ ಮೊಳೆಯ ಮೆಟ್ಟುಗಳನ್ನು ನೆಚ್ಚದೆ ನಾರಿನ ತಳೆಯನ್ನು ನೆಚ್ಚಿದ ನಮ್ಮ ಹಿರಿಯರು ಈ ಶಾಸ್ತ್ರವನ್ನು ಓದಿದವರಲ್ಲವಾದರೂ ಅದರಂತೆಯೇ ನಡೆದುಕೊಂಡರು.

ಎರಡನೆಯದು ಹರಿತವಾದ ಕತ್ತಿ. ಮೂರನೆಯದು ನೇಣು, ಎಂದರೆ ಉದ್ದನೆಯ ಹಗ್ಗ. ಮೇಲೆ ಕೊಯ್ದ ಕೊನೆಯು ಈ ಹಗ್ಗದ ಮೇಲೆ ಜಾರಿಕೊಂಡು ಕೆಳಗೆ ಬರುತ್ತದೆ. ಕೆಳಗೆ ನೇಣು ಹಿಡಿದು ನಿಂತವನು ಅದನ್ನು ಕಾಯಿ ಚದರದಂತೆ ಇಳಿಸಿಕೊಳ್ಳುತ್ತಾನೆ. ನಾಲ್ಕನೆಯದು ತುದಿಗೆ ಕೊಕ್ಕೆಯುಳ್ಳ ದೋಟಿ. ಒಂದು ಮರದ ಕೆಲಸ ಮುಗಿದೊಡನೆ ನುರಿತ ಕೊನೆಗಾರನು ಕೆಳಗಿಳಿಯುವುದಿಲ್ಲ. ಪಕ್ಕದ ಮರವನ್ನು ಕೊಕ್ಕೆಯಿಂದ ಬಳಿಗೆಳೆದುಕೊಂಡು ಅದಕ್ಕೆ ದಾಟುತ್ತಾನೆ. ಕೆಲವೆಡೆ ಮರಕ್ಕೆ ಹಗ್ಗದಿಂದ ಬಿಗಿದ ಸಣ್ಣ ಮಣೆಯ ಮೇಲೆ ಕುಳಿತು ಎರಡು ಕೈಗಳನ್ನೂ ಕೆಲಸಕ್ಕೆ ಬಿಡುವು ಮಾಡಿಕೊಳ್ಳುತ್ತಾನೆ.

ಇವೆಲ್ಲಕ್ಕಿಂತ ಮಿಗಿಲಾದ ಸಲಕರಣೆಯು ಅವನ ಕಣ್ಣು. ಏರುವ ಮೊದಲು ಮರದ ಬುಡದಲ್ಲಿ ನಿಂತು ಮೇಲಿನವರೆಗೆ ನೋಡುತ್ತಾನೆ. ಬುಡವನ್ನು ತಟ್ಟಿ ಸದ್ದು ಕೇಳುತ್ತಾನೆ. ನೈರುತ್ಯದ ಬಿಸಿಲು ಹೊಡೆದು ಸೀಳುಬಿಟ್ಟ ಮರವು ನಡುವೆ ಮುರಿಯಬಹುದು. ಬುಡದಲ್ಲಿ ಅಣಬೆಯೆದ್ದ ಮರದ ಬೇರು ಒಳಗೊಳಗೇ ಕೊಳೆತಿರಬಹುದು. ಅಂತಹ ಮರಕ್ಕೆ ಅವನು ತಳೆ ಹಾಕುವುದಿಲ್ಲ. “ಇದು ಬೇಡ” ಎಂದು ಮುಂದಿನ ಮರಕ್ಕೆ ಹೋಗುತ್ತಾನೆ. ಈ ಎರಡು ಮಾತುಗಳ ಬೆಲೆಯನ್ನು ನಾವು ನಮ್ಮ ಮನೆಯಲ್ಲಿ ತಡವಾಗಿ ಕಲಿತೆವು. ಆ ಪ್ರಸಂಗವನ್ನು ಮುಂದೆ ಹೇಳುತ್ತೇವೆ.

ಮಳೆಗಾಲದಲ್ಲಿ ಅಡಿಕೆಗೆ ತಗಲುವ ದೊಡ್ಡ ವಿಪತ್ತು ಕೊಳೆರೋಗ. ಕಾಯಿಯ ತೊಟ್ಟಿನ ಬಳಿ ನೀರು ಹಿಡಿದಂತಹ ಕಲೆ ಕಾಣಿಸಿಕೊಂಡು, ಅದು ಹರಡಿ, ಬಿಳಿಯ ಬೂಷ್ಟು ಕವಿದು ಕಾಯಿಗಳು ಉದುರುತ್ತವೆ. ಗಾಳಿಮಳೆಯ ಹನಿಗಳೊಡನೆ ರೋಗವು ಮರದಿಂದ ಮರಕ್ಕೆ ದಾಟುತ್ತದೆ. ಅದು ಸುಳಿಗಿಳಿಯಿತೆಂದರೆ ಮರವೇ ಹೋಯಿತು. ಏಕೆಂದರೆ ಅಡಿಕೆಗೆ ಬೆಳೆಯುವ ತುದಿ ಒಂದೇ. ಹಿಂದಿನವರು ಕರಡದ ಹುಲ್ಲಿನ ಕೊಟ್ಟೆಗಳನ್ನು ಹೆಣೆದು, ಕೊನೆಗಾರನಿಂದ ಒಂದೊಂದು ಕೊನೆಗೂ ಕಟ್ಟಿಸಿ, ಮಳೆಯ ನೀರನ್ನು ತಡೆಯುತ್ತಿದ್ದರು. ಕೆನಡಾ ದೇಶದಿಂದ ಬಂದು ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶೋಧಿಸಿ 1910ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ನಮ್ಮ ತೋಟಗಳಿಗೆ ತಂದ ಕೀರ್ತಿ ಅವರದು.

ಆ ದ್ರಾವಣದ ಹುಟ್ಟು ಸ್ವಾರಸ್ಯವಾದುದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿಯನ್ನು ಕಿತ್ತು ತಿನ್ನದಿರಲೆಂದು ತೋಟದವರು ದಾರಿಯ ಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣಗಳನ್ನು ಬಳಿಯುತ್ತಿದ್ದರು. ಉಳಿದ ಬಳ್ಳಿಗಳು ರೋಗದಿಂದ ಸೊರಗಿದಾಗ ಈ ಬಳ್ಳಿಗಳು ಹಸುರಾಗಿ ಉಳಿದುದನ್ನು ಮಿಲಾರ್ಡೆ ಎಂಬ ವಿದ್ವಾಂಸರು ಕಂಡು, ಪರೀಕ್ಷೆಗಳನ್ನು ನಡೆಸಿ, 1885ರಲ್ಲಿ ಲೋಕಕ್ಕೆ ತಿಳಿಸಿದರು. ಕಳ್ಳರನ್ನು ಹೆದರಿಸಲು ಮಾಡಿದ ಉಪಾಯವು ಬೆಳೆಗೆ ಸಂಜೀವಿನಿಯಾಯಿತು.

ಶೇಕಡ 1ರ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರು ನೀರು ಬೇಕು. ಎರಡನ್ನೂ ಬೇರೆಬೇರೆಯಾಗಿ 50 ಲೀಟರು ನೀರಿನಲ್ಲಿ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ಕಲಕುತ್ತ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಕೂಡದು. ಮರದ ಇಲ್ಲವೆ ಪ್ಲಾಸ್ಟಿಕ್ಕಿನ ಪೀಪಾಯಿ ಆದೀತು. ಉಜ್ಜಿ ಹೊಳೆಯಿಸಿದ ಚೂರಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದೆಂದರ್ಥ. ಇನ್ನಷ್ಟು ಸುಣ್ಣದ ತಿಳಿಯನ್ನು ಸೇರಿಸತಕ್ಕದ್ದು. ಮಾಡಿದ ದಿನವೇ ಅದನ್ನು ಮುಗಿಸಬೇಕು. ಮರುದಿನಕ್ಕಿಟ್ಟರೆ ಗುಣ ಕೆಡುತ್ತದೆ. ಮೊದಲ ಸಿಂಪಡಣೆ ಮಳೆ ಹಿಡಿಯುವುದಕ್ಕೆ ಮುಂಚೆ. ಎರಡನೆಯದು 40–45 ದಿನಗಳ ಮೇಲೆ. ಮಳೆ ಬಿಡದಿದ್ದರೆ ಮೂರನೆಯದೂ ಉಂಟು.

ಈ ಎರಡನೆಯ ಸಿಂಪಡಣೆಯಲ್ಲಿಯೇ ಅಪಾಯವೆಲ್ಲ ಅಡಗಿದೆ. ಮೊದಲನೆಯದು ಒಣಮರದ ಮೇಲೆ ನಡೆಯುತ್ತದೆ. ಎರಡನೆಯದರ ಹೊತ್ತಿಗೆ ಮರವೆಲ್ಲ ಪಾಚಿಗಟ್ಟಿ ಲೋಳೆಯಾಗಿರುತ್ತದೆ. ಮಳೆಯೊಂದು ಘಳಿಗೆ ಹೊಳವಾಗುವುದನ್ನೇ ಕಾದು, ಬಿಸಿಲು ಬಿದ್ದು ಮರವಾರಿದ ಮೇಲೆ ಏರಬೇಕು. ಔಷಧ ತಡವಾದರೆ ವರ್ಷದ ಅನ್ನವೇ ಉದುರಿಹೋಗುತ್ತದೆಂದು ಕೆಳಗಿರುವ ಗೃಹಸ್ಥನಿಗೆ ಆತುರ. ಮೇಲೆ ಹೋಗುವವನಿಗೆ ಜೀವದ ಪ್ರಶ್ನೆ.

ನಾವು ಚಿಕ್ಕವರಾಗಿದ್ದಾಗ ಒಂದು ಆಷಾಢದಲ್ಲಿ ಎಂಟು ದಿನ ಬಿಡದೆ ಸುರಿದ ಮಳೆ ಮಧ್ಯಾಹ್ನದ ವೇಳೆಗೆ ನಿಂತಿತು. ದ್ರಾವಣ ಸಿದ್ಧವಾಗಿತ್ತು. ಎರಡು ಸಾಲಿಗೆ ಔಷಧವಾಯಿತು. ಮೂರನೆಯ ಸಾಲು ಹೊಳೆಯ ಕಡೆಯ ತಗ್ಗಿನದು. ಅಲ್ಲಿ ಬಿಸಿಲು ಬಿದ್ದಿರಲಿಲ್ಲ. ಕೊನೆಗಾರನು ಮರವನ್ನು ಅಂಗೈಯಿಂದ ಸವರಿ ನೋಡಿ, “ಮರ ಜಾರ್ತದೆ ಅಯ್ಯಾ, ಇವತ್ತು ಬೇಡ” ಎಂದನು. ದೊಡ್ಡಪ್ಪನವರು ಕೆಟ್ಟವರಲ್ಲ, ಆದರೆ ಪೀಪಾಯಿಯಲ್ಲಿ ಉಳಿದಿದ್ದ ಔಷಧ ಅವರ ಕಣ್ಣಿಗೆ ಕಂಡಿತು. “ಒಂದೇ ಸಾಲು ಮಾರಾಯ, ಮುಗಿಸಿಬಿಡು” ಎಂದರು. ಆತನು ಮರುಮಾತಾಡದೆ ತಳೆ ಹಾಕಿದನು. ಎರಡಾಳೆತ್ತರ ಏರುವಷ್ಟರಲ್ಲಿ ಕಾಲು ಜಾರಿತು. ಕೆಳಗೆ ಕೆಸರಿದ್ದುದರಿಂದ ಜೀವವುಳಿಯಿತು. ಕಾಲಿನ ಮೂಳೆ ಮುರಿಯಿತು. ಆತನು ಮತ್ತೆಂದೂ ಮರವೇರಲಿಲ್ಲ. ದೊಡ್ಡಪ್ಪನವರು ಆ ಸಂಸಾರಕ್ಕೆ ಅಕ್ಕಿಯನ್ನೂ ಹಣವನ್ನೂ ಕಳುಹಿಸುತ್ತಿದ್ದರು. ಆದರೆ ಆತನ ಮನೆಯ ಮುಂದಿನ ದಾರಿಯನ್ನು ಬಿಟ್ಟು ಬಳಸಿಕೊಂಡು ಹೋಗುವುದನ್ನು ಅವರು ಕಡೆಯವರೆಗೂ ತಪ್ಪಿಸಲಿಲ್ಲ. ಉಳಿದ ಔಷಧದ ಬೆಲೆ ಅಂದಿನ ಲೆಕ್ಕದಲ್ಲಿ ಕೆಲವೇ ರೂಪಾಯಿ.

ಈಗ ಕಾಲ ಬದಲಾಗಿದೆ. ಕೊನೆಗಾರರ ಮಕ್ಕಳು ಬೇರೆ ಉದ್ಯೋಗಗಳಿಗೆ ಹೋದರು. ಅದರಲ್ಲಿ ತಪ್ಪೇನೂ ಇಲ್ಲ. ನೆಲದಲ್ಲಿ ನಿಂತೇ ಕೊನೆಗೆ ಔಷಧ ಮುಟ್ಟಿಸುವ ಹಗುರವಾದ ಉದ್ದ ದೋಟಿಗಳೂ, ಮರವೇರುವ ಯಂತ್ರಗಳೂ ಬಂದಿವೆ. ಹುಲ್ಲಿನ ಕೊಟ್ಟೆಯ ಬದಲು ಪ್ಲಾಸ್ಟಿಕ್ಕಿನ ಕೊಟ್ಟೆಯನ್ನು ಕಟ್ಟುವವರೂ ಉಂಟು. ಇವುಗಳಿಂದ ಉಪಕಾರವಾಗಿರುವುದು ನಿಜ. ಆದರೆ ಹೊಸ ಸಲಕರಣೆಯೊಡನೆ ಹೊಸ ಅಪಾಯವೂ ಬರುತ್ತದೆ. ಅಲ್ಯೂಮಿನಿಯಮ್ಮಿನ ದೋಟಿಯಲ್ಲಿ ವಿದ್ಯುತ್ತು ಹರಿಯುವುದೆಂದು ಎಲ್ಲರಿಗೂ ಗೊತ್ತು. ಕಾರ್ಬನ್ ಫೈಬರಿನ ದೋಟಿಯಲ್ಲಿಯೂ ಹರಿಯುವುದೆಂದು ಬಹಳ ಮಂದಿಗೆ ತಿಳಿಯದು. ತೋಟದ ಮೇಲೆ ತಂತಿ ಹಾದುಹೋಗಿದ್ದರೆ ಎರಡನ್ನೂ ಅದರ ಹತ್ತಿರ ಎತ್ತಕೂಡದು.

ಹೀಗಿರಲು, ಮರವೇರುವವನನ್ನು ಕರೆಯಿಸುವ ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಕೆಲವೇ ಮಾತುಗಳದು. ಸೊಂಟಕ್ಕೆ ಕಟ್ಟುವ ರಕ್ಷಣೆಯ ಪಟ್ಟಿ, ಗಟ್ಟಿಯಾದ ಹಗ್ಗಗಳನ್ನು ಮನೆಯ ಖರ್ಚಿನಿಂದಲೇ ತಂದಿಡಿರಿ. ಪ್ರತಿವರ್ಷವೂ ಹಗ್ಗವನ್ನು ಎಳೆದು ಪರೀಕ್ಷಿಸಿರಿ. ದ್ರಾವಣವು ಕಣ್ಣಿಗೆ ಬೀಳದಂತೆ ಕನ್ನಡಕವನ್ನೂ, ಮೂಗುಬಾಯಿಗಳಿಗೆ ಬಟ್ಟೆಯನ್ನೂ ಕೊಡಿರಿ. ಕೈ ತೊಳೆಯದೆ ಎಲೆಯಡಿಕೆ ಹಾಕಿಕೊಳ್ಳಲು ಬಿಡಬೇಡಿರಿ; ಅದಕ್ಕಾಗಿ ಗೃಹಿಣಿಯರು ಸಾಬೂನು, ನೀರುಗಳನ್ನು ತೋಟದ ಬಾಗಿಲಲ್ಲಿಯೇ ಇಟ್ಟರೆ ಒಳ್ಳೆಯದು. ಕೂಲಿಯನ್ನು ಮರದ ಲೆಕ್ಕದಲ್ಲಿ ಗೊತ್ತುಮಾಡಿದ್ದರೂ, ಮಳೆಯಿಂದ ಕೆಲಸ ನಿಂತ ದಿನಕ್ಕೂ ಏನಾದರೂ ಕೊಡುವ ಪದ್ಧತಿಯನ್ನಿಡಿರಿ. ಇಲ್ಲವಾದರೆ ಹೊಟ್ಟೆಯ ಚಿಂತೆಯೇ ಅವನನ್ನು ಒದ್ದೆಮರಕ್ಕೆ ಹತ್ತಿಸುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದುದು: ಅವನು “ಇವತ್ತು ಬೇಡ” ಎಂದರೆ ಎರಡನೆಯ ಮಾತನ್ನಾಡಬೇಡಿರಿ. ಉಳಿದ ದ್ರಾವಣವು ಕೆಟ್ಟರೆ ಕೆಡಲಿ; ನಾಳೆ ಬೇರೆ ಮಾಡಿಕೊಂಡರಾಯಿತು. ಮುಂದಿನ ತಿಂಗಳು, ಮಳೆಗಾಲದಲ್ಲಿ ಧಾನ್ಯಗಳನ್ನು ಹುಳುಬೀಳದಂತೆ ಕಾಪಾಡುವ ಕ್ರಮವನ್ನು ನೋಡೋಣ.