ಶೂನ್ಯ ದರದ ಟಿಕೆಟ್ಟು

ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕಗಳಲ್ಲಿ ‘ಓವರ್‌ರೈಡಿಂಗ್’ ಎಂಬ ವಿಷಯ ಬಂದೊಡನೆ ಪ್ರಾಣಿಗಳ ಸಂತೆಯೇ ನೆರೆಯುತ್ತದೆ. ‘ಪ್ರಾಣಿ’ ಎಂಬ ಮೂಲವರ್ಗ, ಅಂದರೆ ಕ್ಲಾಸು, ಕೂಗುತ್ತದೆ. ಅದರಿಂದ ಹುಟ್ಟಿದ ‘ನಾಯಿ’ ಬೊಗಳುತ್ತದೆ. ಬಳುವಳಿಯಾಗಿ ಬಂದ ವಿಧಾನವನ್ನು ಉಪವರ್ಗವು ಅದೇ ಹೆಸರಿನಲ್ಲಿ ತನಗೆ ತಕ್ಕಂತೆ ಮತ್ತೆ ಬರೆದುಕೊಳ್ಳುವುದೇ ಓವರ್‌ರೈಡಿಂಗ್ ಎಂಬುದೇನೋ ಇದರಿಂದ ತಿಳಿಯುತ್ತದೆ. ಆದರೆ ನಾಯಿ ತಪ್ಪಾಗಿ ಬೊಗಳಿದರೆ ಯಾರಿಗೂ ನಷ್ಟವಿಲ್ಲ. ಆದಕಾರಣ ಈ ಉದಾಹರಣೆಯಿಂದ ಎಚ್ಚರಿಕೆಯನ್ನು ಕಲಿಸಲಾಗದೆಂಬುದು ನಮ್ಮ ಅಭಿಪ್ರಾಯ.

ಗದಗಿನಿಂದ ಲಕ್ಷ್ಮೇಶ್ವರಕ್ಕೋ ಮುಂಡರಗಿಗೋ ಹೋಗುವ ಸಾಮಾನ್ಯ ಬಸ್ಸನ್ನು ತೆಗೆದುಕೊಳ್ಳೋಣ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಅದರಲ್ಲಿ ಪ್ರಯಾಣ ಉಚಿತ. ಆದರೂ ಕಂಡಕ್ಟರರು ಅವರಿಗೆ ಶೂನ್ಯ ದರದ ಟಿಕೆಟ್ಟನ್ನು ಕೊಡುತ್ತಾರೆ. ಆ ವೆಚ್ಚವನ್ನು ಸರ್ಕಾರವು ಸಾರಿಗೆ ಸಂಸ್ಥೆಗೆ ತುಂಬಿಕೊಡಬೇಕಷ್ಟೆ. ಅವರ ಯಂತ್ರದೊಳಗಿನ ಪ್ರೋಗ್ರಾಮು ಹೇಗಾದರೂ ಇರಲಿ, ನಾವೇ ಒಂದನ್ನು ಕಲ್ಪಿಸಿಕೊಳ್ಳೋಣ. ‘ಟಿಕೆಟ್’ ಮೂಲವರ್ಗ, ದೂರ ನೋಡಿ ಹಣ ಹೇಳುವ ‘ದರ’ ಮತ್ತು ಚೀಟಿ ಅಚ್ಚುಹಾಕುವ ‘ಮುದ್ರಣ’ ಅದರ ವಿಧಾನಗಳು. ‘ಶಕ್ತಿಟಿಕೆಟ್’ ಎಂಬ ಉಪವರ್ಗವು ಮುದ್ರಣವನ್ನು ಇದ್ದಂತೆಯೇ ಇಟ್ಟುಕೊಂಡು ‘ದರ’ವನ್ನು ಮಾತ್ರ ಮತ್ತೆ ಬರೆದು, ಸೊನ್ನೆಯೆಂದು ಉತ್ತರಿಸುತ್ತದೆ. ಮುದ್ರಣವು ದರವನ್ನು ಕೇಳಿದಾಗ, ಟಿಕೆಟ್ಟು ಯಾವ ವರ್ಗದ್ದೋ ಆ ವರ್ಗದ ಉತ್ತರವೇ ಬರುವುದು. ನಾರ್ವೆಯ ದಾಲ್ ಮತ್ತು ನ್ಯುಗೋರ್ ರಚಿಸಿದ ಸಿಮುಲಾ 67 ಭಾಷೆಯಲ್ಲಿಯೇ ಈ ಸೌಕರ್ಯವಿತ್ತು.

ಸೊನ್ನೆಯ ಬದಲು ‘ಉಚಿತ’ ಎಂಬ ಪದವನ್ನು ಉತ್ತರವಾಗಿ ಕೊಟ್ಟರೆ, ಸಂಜೆ ದಿನದ ಹಣ ಕೂಡಿಸುವ ಲೆಕ್ಕ ಅಲ್ಲಿಗೇ ನಿಂತೀತು. ಉತ್ತರವನ್ನು ಬದಲಿಸಬಹುದು, ಉತ್ತರದ ಬಗೆಯನ್ನಲ್ಲ. ಇನ್ನು ಸರ್ಕಾರಕ್ಕೆ ಲೆಕ್ಕ ಒಪ್ಪಿಸಲು ಅಸಲು ದರವೂ ಬೇಕು. ಮೂಲವರ್ಗದ ವಿಧಾನ ಅಳಿದಿಲ್ಲ, ಮರೆಯಾಗಿದೆ ಅಷ್ಟೆ. ‘ಸೂಪರ್’ ಎಂಬ ಪದದಿಂದ ಉಪವರ್ಗವು ಅದನ್ನು ಕರೆದು ಕೇಳಬಹುದು. ಇದನ್ನರಿಯದ ವಿದ್ಯಾರ್ಥಿಯು ದರದ ಲೆಕ್ಕವನ್ನೆಲ್ಲ ಉಪವರ್ಗದಲ್ಲಿ ಮತ್ತೊಮ್ಮೆ ನಕಲು ಮಾಡುತ್ತಾನೆ. 2025ರ ಜನವರಿಯಲ್ಲಿ ಬಸ್ಸಿನ ದರ ಶೇಕಡಾ 15 ಏರಿತು. ಅಂಥ ದಿನ ಅವನು ಒಂದೆಡೆ ತಿದ್ದಿ ಇನ್ನೊಂದೆಡೆ ಮರೆಯುತ್ತಾನೆ.

ಇದಕ್ಕಿಂತ ಕೆಟ್ಟದ್ದು ಹೆಸರಿನ ತಪ್ಪು. ‘ದರ’ ಎನ್ನುವಲ್ಲಿ ‘ದಾರ’ ಎಂದು ಬಿದ್ದರೆ ಅದು ಬೇರೊಂದು ಹೊಸ ವಿಧಾನವೇ ಆಗುತ್ತದೆ. ಕಂಪ್ಯೂಟರು ತಕರಾರು ಮಾಡದು; ಹಳೆಯ ‘ದರ’ವೇ ಉಳಿದು, ಶಿರಹಟ್ಟಿಗೆ ಹೊರಟ ತಾಯಿಯಿಂದ ಪೂರ್ತಿ ಹಣ ಕೇಳೀತು. ಜಾವಾ ಭಾಷೆಯಲ್ಲಿ ವಿಧಾನದ ಮೇಲೆ ‘ಓವರ್‌ರೈಡ್’ ಎಂಬ ಗುರುತನ್ನು ಹಾಕಿದ್ದರೆ, ಮೂಲವರ್ಗದಲ್ಲಿ ಅಂಥ ವಿಧಾನವಿಲ್ಲವೆಂದು ಕಂಪೈಲರು ಮೊದಲೇ ತಡೆಯುತ್ತದೆ. 2004ರಿಂದ ಇರುವ ಈ ಗುರುತು ಕಡ್ಡಾಯವಲ್ಲವೆಂದು ಹೇಳಿ ಮುಂದೆ ಸಾಗುವ ಉಪಾಧ್ಯಾಯರೊಡನೆ ನಮಗೆ ಸಮ್ಮತಿಯಿಲ್ಲ. ಭೌತಶಾಸ್ತ್ರದ ಉತ್ತರದಲ್ಲಿ ಏಕಮಾನವನ್ನು ಬಿಟ್ಟವನಿಗೆ ನಾವು ಅಂಕ ಕಳೆಯುತ್ತೇವೆ. ಇದನ್ನು ಬಿಟ್ಟವನಿಗೂ ಕಳೆಯತಕ್ಕದ್ದು.