ಆಟದ ಪತ್ರಿಕೆ: ರದ್ದಿಗೆ ಹಾಕುವ ಮುನ್ನ



ಮನೆ ಸ್ವಚ್ಛ ಮಾಡುವಾಗ ಮಗನ ಹಾಸಿಗೆಯ ಕೆಳಗೆ ಕಂಪ್ಯೂಟರ್ ಆಟಗಳ ಇಂಗ್ಲಿಷ್ ಪತ್ರಿಕೆಯೊಂದು ಸಿಕ್ಕಿತೆನ್ನಿ. ಮುಖಪುಟದಲ್ಲಿ ಬಂದೂಕು ಹಿಡಿದ ಸೈನಿಕ, ಒಳಗೆ ಬೆಂಕಿ, ಹೊಗೆ, ಹಾರುವ ಕಾರುಗಳು. ನೀವೇನು ಮಾಡುತ್ತೀರಿ? ಹೆಚ್ಚಿನ ತಾಯಂದಿರು ಅದನ್ನು ರದ್ದಿಯವನ ತಕ್ಕಡಿಗೆ ಹಾಕುತ್ತಾರೆ. ಇನ್ನು ಕೆಲವರು, "ಇಂಗ್ಲಿಷ್‌ನಲ್ಲಿದೆ, ಓದಲಿ ಬಿಡಿ" ಎಂದು ಸುಮ್ಮನಾಗುತ್ತಾರೆ. ಇಬ್ಬರೂ ಅದನ್ನು ತೆರೆದು ನೋಡಿರುವುದಿಲ್ಲ.

ತಿಕೋಟಾ, ಬಬಲೇಶ್ವರದ ಕಡೆಯ ಗೃಹಿಣಿಗೆ ಒಣದ್ರಾಕ್ಷಿ ಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ. ಡಬ್ಬಿಯ ಮೇಲಿನ ಪದರ ನೋಡಿ ಆಕೆ ಹಣ ಕೊಡುವುದಿಲ್ಲ. ಕೈ ಒಳಗೆ ಹಾಕಿ ತಳದಿಂದ ಒಂದು ಹಿಡಿ ತೆಗೆಯುತ್ತಾಳೆ, ಬಣ್ಣ ನೋಡುತ್ತಾಳೆ, ಎರಡು ಕಾಳು ಬಾಯಿಗೆ ಹಾಕಿಕೊಳ್ಳುತ್ತಾಳೆ. ಪತ್ರಿಕೆಯನ್ನೂ ಹಾಗೆಯೇ ಪರೀಕ್ಷಿಸಬಾರದೇಕೆ?

ಇಂತಹ ಪತ್ರಿಕೆಗಳು ಇಂದು ನಿನ್ನೆಯವಲ್ಲ. ಬ್ರಿಟನ್ನಿನ 'ಕಂಪ್ಯೂಟರ್ ಅಂಡ್ ವಿಡಿಯೋ ಗೇಮ್ಸ್' ಮತ್ತು ಅಮೆರಿಕದ 'ಕಂಪ್ಯೂಟರ್ ಗೇಮಿಂಗ್ ವರ್ಲ್ಡ್' ಎರಡೂ 1981ರಲ್ಲಿ ಆರಂಭವಾದವು. ಆ ಕಾಲದ ಪತ್ರಿಕೆಗಳಲ್ಲಿ ಆಟದ ಪ್ರೋಗ್ರಾಮನ್ನೇ ಸಾಲು ಸಾಲಾಗಿ ಅಚ್ಚು ಹಾಕುತ್ತಿದ್ದರು. ಮಕ್ಕಳು ಅದನ್ನು ನೋಡಿ ಕಂಪ್ಯೂಟರಿನಲ್ಲಿ ಟೈಪ್ ಮಾಡಿ, ತಪ್ಪಾದರೆ ಹುಡುಕಿ ತಿದ್ದಿ, ಆಮೇಲೆ ಆಡಬೇಕಿತ್ತು. ಆಟಕ್ಕಿಂತ ಮೊದಲು ಪಾಠವಾಗುತ್ತಿತ್ತು. ನಮ್ಮ ದೇಶದಲ್ಲಿ 2001ರಲ್ಲಿ 'ಡಿಜಿಟ್' ಬಂತು. ಅದೇ ಬಳಗದಿಂದ 'ಸ್ಕೋರ್' ಎಂಬ ಆಟದ ಪತ್ರಿಕೆಯೂ ಬಂತು. ಪತ್ರಿಕೆಯ ಜೊತೆಗೆ ಬರುತ್ತಿದ್ದ ಸಿಡಿ, ಡಿವಿಡಿಗಳೇ ಆಗ ದೊಡ್ಡ ಆಕರ್ಷಣೆ. ದೂರವಾಣಿ ತಂತಿಯ ಮೇಲೆ ಇಂಟರ್ನೆಟ್ ತೆವಳುತ್ತಿದ್ದ ದಿನಗಳಲ್ಲಿ ಒಂದು ದೊಡ್ಡ ತಂತ್ರಾಂಶವನ್ನು ಇಳಿಸಿಕೊಳ್ಳುವುದು ರಾತ್ರಿಯಿಡೀ ನಡೆಯುವ ಕೆಲಸವಾಗಿತ್ತು. ಸಿಡಿಯಲ್ಲಿ ಅದು ಸಿದ್ಧವಾಗಿ ಕೈಗೆ ಬರುತ್ತಿತ್ತು.

ಈಗ ಆ ಸಿಡಿಗೆ ಬೆಲೆಯಿಲ್ಲ. ಎಲ್ಲವೂ ಮೊಬೈಲಿಗೇ ಇಳಿಯುತ್ತದೆ. ಉಳಿದಿರುವುದು ಬರಹ ಮಾತ್ರ. ಆದ್ದರಿಂದ ಬರಹವನ್ನೇ ತೂಗಿ ನೋಡಬೇಕು.

ಮೊದಲನೆಯದಾಗಿ, ಅದು ವಿಮರ್ಶೆಯೋ ಜಾಹೀರಾತೋ ನೋಡಿ. ಆಟವೊಂದರ ಬಗ್ಗೆ ಬರೆದ ಪುಟವನ್ನು ಮಗನಿಂದಲೇ ಓದಿಸಿ, ಕನ್ನಡದಲ್ಲೋ ಮನೆಮಾತಿನಲ್ಲೋ ಅರ್ಥ ಹೇಳಿಸಿ. "ಇದರಲ್ಲಿ ಕೊರತೆ ಏನು ಎಂದು ಬರೆದಿದ್ದಾರೆ?" ಎಂದು ಕೇಳಿ. ಪತ್ರಿಕೆಯುದ್ದಕ್ಕೂ ಒಂದು ಕೊರತೆಯೂ ಸಿಗದಿದ್ದರೆ ಅದು ಅಂಗಡಿಯವನ ಮಾತು, ವಿಮರ್ಶಕನದಲ್ಲ. ಅಮೆರಿಕದ 'ಗೇಮ್‌ಸ್ಪಾಟ್' ಎಂಬ ಅಂತರ್ಜಾಲ ತಾಣದಲ್ಲಿ 2007ರಲ್ಲಿ ಜೆಫ್ ಗರ್ಸ್ಟ್‌ಮನ್ ಎಂಬ ವಿಮರ್ಶಕರು ಕೆಲಸ ಕಳೆದುಕೊಂಡರು. ಅವರು ಕಡಿಮೆ ಅಂಕ ಕೊಟ್ಟ ಆಟದ ಜಾಹೀರಾತು ಅದೇ ತಾಣದ ತುಂಬಾ ಇತ್ತು. ತಮ್ಮ ವಿಮರ್ಶೆಗಳ ಬಗ್ಗೆ ಜಾಹೀರಾತುದಾರರಿಂದ ಒತ್ತಡವಿತ್ತೆಂದು 2012ರಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಹೊಗಳಿಕೆಯ ಹಿಂದೆ ಯಾರ ಹಣವಿದೆ ಎಂದು ಕೇಳುವ ಅಭ್ಯಾಸ ಮಗುವಿಗೆ ಇಲ್ಲಿಂದಲೇ ಬಂದರೆ, ಪತ್ರಿಕೆಯ ಬೆಲೆ ಅಲ್ಲಿಗೇ ತೀರಿತು.

ಎರಡನೆಯದು, ವಯಸ್ಸಿನ ಗುರುತು. ಅಮೆರಿಕದಲ್ಲಿ 1994ರಿಂದ, ಯುರೋಪಿನಲ್ಲಿ 2003ರಿಂದ ಆಟಗಳಿಗೆ ವಯಸ್ಸಿನ ಗುರುತು ಹಾಕುವ ವ್ಯವಸ್ಥೆಯಿದೆ. ಯುರೋಪಿನ ಗುರುತಿನಲ್ಲಿ 3, 7, 12, 16, 18 ಎಂದು ಅಂಕಿಯೇ ಇರುವುದರಿಂದ ಇಂಗ್ಲಿಷ್ ಬಾರದವರಿಗೂ ತಿಳಿಯುತ್ತದೆ. 2005ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ಆಟದೊಳಗೆ ಅಶ್ಲೀಲ ದೃಶ್ಯ ಅಡಗಿರುವುದು ಬಯಲಾದಾಗ, 17 ವರ್ಷ ಮೇಲ್ಪಟ್ಟವರಿಗೆಂದಿದ್ದ ಅದರ ಗುರುತನ್ನು ವಯಸ್ಕರಿಗೆ ಮಾತ್ರ ಎಂದು ಬದಲಾಯಿಸಬೇಕಾಯಿತು. "ಕಾರಿನ ಆಟ ಅಮ್ಮಿ, ಅಷ್ಟೇ" ಎಂದು ಮಗ ಹೇಳುವ ಆಟ ಯಾವುದು, ಅದರಲ್ಲಿ ಏನಿದೆ ಎಂಬುದನ್ನು ತಾಯಿಗೆ ತಿಳಿಸಿಕೊಡುವ ಪತ್ರಿಕೆ ಉಪಯುಕ್ತವಾದುದೇ.

ಮೂರನೆಯದು, ಅದು ಹೆಣ್ಣುಮಗಳಿಗೂ ಏನಾದರೂ ಕೊಡುತ್ತದೆಯೇ? ಇಂತಹ ಪತ್ರಿಕೆಗಳ ಚಿತ್ರಗಳಲ್ಲಿ ಹೆಣ್ಣನ್ನು ಗೊಂಬೆಯಾಗಿಸಿದ್ದೇ ಹೆಚ್ಚು. ಅದನ್ನು ಕಂಡಾಗ ಪುಟ ಹರಿದುಹಾಕುವುದಕ್ಕಿಂತ, ಹೀಗೇಕೆ ಚಿತ್ರಿಸಿದ್ದಾರೆಂದು ಮಗನನ್ನು ಪ್ರಶ್ನಿಸುವುದು ಒಳ್ಳೆಯದು. ಆದರೆ ಅದರಲ್ಲೇ ಕಂಪ್ಯೂಟರಿನ ಒಳಭಾಗಗಳ ಪರಿಚಯ, ಒಗಟು ಬಿಡಿಸುವ ಆಟಗಳ ದಾರಿ, ಆಟ ತಯಾರಿಸುವವರ ಕೆಲಸದ ವಿವರಗಳೂ ಇರಬಹುದು. ಅಣ್ಣನಿಗೆ ಪತ್ರಿಕೆ, ತಂಗಿಗೆ ಪಾತ್ರೆ ಎಂದು ನಾವು ಹಂಚಿಬಿಟ್ಟರೆ ಆ ಪುಟಗಳು ಅವಳ ಕೈಗೆ ಬರುವುದೇ ಇಲ್ಲ. ಮಹಿಳಾ ವಿಶ್ವವಿದ್ಯಾಲಯವಿರುವ ವಿಜಯಪುರದಲ್ಲಿ ಹೀಗಾಗಬೇಕೆ?

ಇಷ್ಟಕ್ಕೂ ನಿಜವಾದ ಭಯ ಬೇರೆಲ್ಲೋ ಇದೆ. ಪತ್ರಿಕೆಗೆ ಕೊನೆಯ ಪುಟವಿದೆ, ಮೊಬೈಲಿನ ಆಟಕ್ಕೆ ಇಲ್ಲ. ಪತ್ರಿಕೆ ನಿಮ್ಮ ಬ್ಯಾಂಕ್ ಖಾತೆಯ ಪಿನ್ ಕೇಳುವುದಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಎಷ್ಟೋ ಮನೆಗಳನ್ನು ಸಾಲಕ್ಕೆ ತಳ್ಳಿದ ಮೇಲೆ, 2025ರ ಆಗಸ್ಟ್‌ನಲ್ಲಿ ಸಂಸತ್ತು ಅವನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸುವ ಕಾನೂನು ಮಾಡಿತು. ಆಟದ ಹಿಡಿತಕ್ಕೆ ಸಿಕ್ಕಿ ಓದು, ನಿದ್ದೆ, ಊಟ ಮರೆಯುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹ ತಂತ್ರಜ್ಞಾನದ ಗೀಳಿಗೆಂದೇ 2014ರಲ್ಲಿ 'ಶಟ್' ಎಂಬ ಚಿಕಿತ್ಸಾಲಯ ತೆರೆಯಲಾಯಿತು. ಹಾಸಿಗೆಯ ಕೆಳಗಿನ ಪತ್ರಿಕೆಗೆ ಬೆಚ್ಚಿಬೀಳುವ ನಾವು, ಹೊದಿಕೆಯೊಳಗೆ ಮಧ್ಯರಾತ್ರಿಯವರೆಗೆ ಬೆಳಗುವ ಮೊಬೈಲನ್ನು ನೋಡಿಯೂ ಸುಮ್ಮನಿರುವುದು ನ್ಯಾಯವೇ?

ಹೊಸ ಪತ್ರಿಕೆಗೆ ಹಣ ಹೊಂದದಿದ್ದರೆ ಹಳೆಯ ಸಂಚಿಕೆ ಸಾಕು. ಆಟಗಳು ಹಳತಾಗುತ್ತವೆ, ಒಳ್ಳೆಯ ವಿಮರ್ಶೆ ಅಷ್ಟು ಬೇಗ ಹಳತಾಗುವುದಿಲ್ಲ. ಎರಡು ಮೂರು ಮನೆಗಳು ಸೇರಿ ಕೊಂಡು ಸರದಿಯಲ್ಲಿ ಓದಬಹುದು. ತಿಕೋಟಾದಲ್ಲಿ ಓದಿ ಮುಗಿದದ್ದು ಬಬಲೇಶ್ವರದ ನೆಂಟರ ಮನೆಗೆ ಹೋಗಲಿ. ಒಂದು ಷರತ್ತು ಮಾತ್ರ ಇರಲಿ: ಓದಿದ ಒಂದು ಲೇಖನದ ಸಾರವನ್ನು ಮಗು ಅರ್ಧ ಪುಟ ಕನ್ನಡದಲ್ಲಿ ಬರೆದು ತೋರಿಸಬೇಕು. ಪಠ್ಯಪುಸ್ತಕ ಕಂಡರೆ ಆಕಳಿಸುವ ಹುಡುಗನೂ ತನಗೆ ಇಷ್ಟವಾದ ವಿಷಯವನ್ನು ಬರೆಯಲು ಕುಳಿತುಕೊಳ್ಳುತ್ತಾನೆ.

ಆ ಅರ್ಧ ಪುಟ ತುಂಬಿದರೆ ಪತ್ರಿಕೆಯನ್ನು ಉಳಿಸಿಕೊಳ್ಳಿ. ಬರೆಯಲು ಅದರಲ್ಲಿ ಏನೂ ಸಿಗಲಿಲ್ಲವೆಂದರೆ ರದ್ದಿಯವನು ಇದ್ದೇ ಇದ್ದಾನೆ. ಆದರೆ ತೀರ್ಪು ಕೊಡುವ ಮೊದಲು ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕುಳಿತು ಅದನ್ನು ನೋಡಿ. ಮಕ್ಕಳು ಹಾಸಿಗೆಯ ಕೆಳಗೆ ಬಚ್ಚಿಡುವುದನ್ನು ಬಿಟ್ಟು ನಿಮ್ಮ ಮುಂದೆಯೇ ತೆರೆದು ಓದುವಂತಾದರೆ, ಅದಕ್ಕಿಂತ ದೊಡ್ಡ ಲಾಭ ಬೇರೇನಿದೆ?