ಗುರುಹಿರಿಯರು ನಿಶ್ಚಯಿಸಿರಲಿಲ್ಲ

ಆಗಲೇ ಮದುವೆಯಾದ ಹೆಣ್ಣಿನ ಕೊರಳಿಂದ ತಾಳಿ ಬಿಚ್ಚಿಸಿ, ಕಾಲುಂಗುರ ತೆಗೆಸಿ, ಅವಳನ್ನು ಮತ್ತೆ ಕನ್ಯೆಯೆಂದು ಹಸೆಮಣೆಗೆ ಕೂರಿಸುವ ಮದುವೆಗಳನ್ನು ನೋಡಿ ನೋಡಿ ನನಗೆ ರೋಸಿಹೋಗಿದೆ. ಈಚೆಗೆ ಅಂಥದೇ ಒಂದಕ್ಕೆ ಹೋಗಿದ್ದೆ. ಲಗ್ನಪತ್ರಿಕೆಯಲ್ಲಿ ‘ಗುರುಹಿರಿಯರು ನಿಶ್ಚಯಿಸಿದಂತೆ’ ಎಂದು ಬಂಗಾರದ ಅಕ್ಷರದಲ್ಲಿ ಅಚ್ಚಾಗಿತ್ತು. ಯಾವ ಗುರುವೂ, ಯಾವ ಹಿರಿಯನೂ ಅದನ್ನು ನಿಶ್ಚಯಿಸಿರಲಿಲ್ಲ. ಹಿಂದಿನ ವರ್ಷವೇ ಆ ಇಬ್ಬರು ರಿಜಿಸ್ಟರ್ ಆಫೀಸಿನಲ್ಲಿ ಸಹಿ ಹಾಕಿ ಗಂಡಹೆಂಡತಿಯಾಗಿದ್ದರು. ಸಾಕ್ಷಿ ಹಾಕಿದವರಲ್ಲಿ ನಾನೂ ಒಬ್ಬ.

ವಧುವಿನ ಕೋಣೆಯಲ್ಲಿ ಅವಳ ಕಾಲು ನೋಡಿದೆ. ಬೆರಳಿನ ಸುತ್ತ ಕಾಲುಂಗುರದ ಬಿಳಿ ಗುರುತು ಹಾಗೇ ಉಳಿದಿತ್ತು. ಚಿಕ್ಕಮ್ಮ ಅದರ ಮೇಲೆ ಅರಿಶಿನ ತೀಡಿ ತೀಡಿ ಮುಚ್ಚುತ್ತಿದ್ದಳು. ‘ಬೀಗರ ಕಣ್ಣಿಗೆ ಬಿದ್ದರೆ ಏನಂದಾರು, ಸುಮ್ಮನಿರು ಪುಟ್ಟಿ’ ಎಂದಳು. ಹುಡುಗಿ ಸುಮ್ಮನಿದ್ದಳು. ಆಮೇಲೆ ಅಪ್ಪ ಅವಳ ಕೈಯನ್ನು ಹುಡುಗನ ಕೈಯಲ್ಲಿಟ್ಟು ಧಾರೆ ಎರೆದ. ಯಾರನ್ನು ಯಾರು ಕೊಟ್ಟದ್ದು? ಅವಳು ವಯಸ್ಸಿಗೆ ಬಂದವಳು, ದುಡಿಯುವವಳು, ತನ್ನ ಬಾಳನ್ನು ತಾನೇ ತೀರ್ಮಾನಿಸಿದವಳು. ಆ ತೀರ್ಮಾನವನ್ನು ಅಳಿಸಿಹಾಕಲಿಕ್ಕೆಂದೇ ಅಷ್ಟು ನೀರು ಎರೆದರು.

‘ಅಷ್ಟು ಗುಟ್ಟಾಗಿ ಯಾಕೆ ಮದುವೆಯಾದೆ, ನಮಗೊಂದು ಮಾತು ಹೇಳಬಾರದಿತ್ತೇ’ ಎಂದು ಹೆತ್ತವರು ಈಗ ಕಣ್ಣೀರು ಹಾಕುತ್ತಾರೆ. ಹೇಳಿದ್ದಳು. ಹೇಳಿದ ದಿನವೇ ಫೋನು ಕಿತ್ತುಕೊಂಡಿರಿ, ಕೆಲಸ ಬಿಡಿಸಿದಿರಿ, ಸೋದರಮಾವನ ಊರಿಗೆ ಸಾಗಿಸಿ ಬೇರೆ ಗಂಡು ಹುಡುಕಿದಿರಿ. ಗುಟ್ಟು ಮಾಡಿಸಿದವರು ನೀವು.

ನಿಮ್ಮ ಜೊತೆ ಕಾನೂನೂ ಕೈಜೋಡಿಸಿದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬೇಕಾದರೆ ಮೊದಲು ನೋಟಿಸ್ ಕೊಡಬೇಕು, ಆಮೇಲೆ 30 ದಿನ ಕಾಯಬೇಕು. ಹೆಸರು, ವಯಸ್ಸು, ಉದ್ಯೋಗ, ವಿಳಾಸ ಎಲ್ಲವನ್ನೂ ಕಚೇರಿಯಲ್ಲಿ ಎದ್ದು ಕಾಣುವ ಕಡೆ ಅಂಟಿಸುತ್ತಾರೆ. ಕಾಯಂ ವಿಳಾಸ ಬೇರೆ ಜಿಲ್ಲೆಯದಾದರೆ ನೋಟಿಸಿನ ಪ್ರತಿ ಅಲ್ಲಿಗೂ ಹೋಗುತ್ತದೆ, ಅಲ್ಲೂ ಗೋಡೆ ಹತ್ತುತ್ತದೆ. ಅಂದರೆ ಆ ಜೋಡಿ ಯಾರಿಗೆ ಹೆದರಿ ಊರು ಬಿಟ್ಟಿತೋ ಅವರ ಬಾಗಿಲಿಗೇ ಸರ್ಕಾರ ಅದರ ವಿಳಾಸ ತಲುಪಿಸುತ್ತದೆ. ಒಬ್ಬ ಪುಂಡ ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿದರೆ ಮುಗಿಯಿತು. ಈ ನೋಟಿಸುಗಳು ಹೀಗೆ ದುರ್ಬಳಕೆಯಾಗುತ್ತಿವೆಯೆಂದೇ ಕೇರಳ ಸರ್ಕಾರ 2020ರಲ್ಲಿ ಅವನ್ನು ವೆಬ್‌ಸೈಟಿನಿಂದ ತೆಗೆಸಿತು. ಹಿಂದೂಗಳಿಬ್ಬರು 1955ರ ಹಿಂದೂ ವಿವಾಹ ಕಾಯ್ದೆಯಡಿ ಮದುವೆಯಾದರೆ ಈ ಮೂವತ್ತು ದಿನದ ಕಾಟವಿಲ್ಲ. ಧರ್ಮ ದಾಟಿದವರನ್ನೇ ಹಿಡಿದು ಗೋಡೆಗೆ ಮೊಳೆ ಹೊಡೆಯುತ್ತಾರೆ.

ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿದ ಮೇಲೆ ಮನೆತನದ್ದಾಗಲಿ, ಸಮುದಾಯದ್ದಾಗಲಿ ಒಪ್ಪಿಗೆ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಹೇಳಿತು. 2021ರಲ್ಲಿ ಅದನ್ನೇ ಮತ್ತೆ ಹೇಳಬೇಕಾಯಿತು, ಅದೂ ನಮ್ಮ ಕರ್ನಾಟಕದ ಪ್ರಕರಣದಲ್ಲಿ. ಹೇಳಿ ಏನಾಯಿತು? ಇವತ್ತಿಗೂ ಅಪ್ಪ ಠಾಣೆಗೆ ಹೋಗಿ ‘ಮಗಳು ಕಾಣೆಯಾಗಿದ್ದಾಳೆ’ ಎಂದು ಬರೆದುಕೊಟ್ಟರೆ ಸಾಕು, ಮದುವೆಯಾದ ಹೆಣ್ಣನ್ನು ಹುಡುಕಿ ತರಲು ಜೀಪು ಹೊರಡುತ್ತದೆ.

ನನ್ನ ಹೊಟ್ಟೆಯುರಿಗೆ ಇನ್ನೂ ದೊಡ್ಡ ಕಾರಣವಿದೆ. ಈ ಎರಡನೇ ಮದುವೆಯ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಹುಡುಗನ ಜಾತಿ ಹತ್ತಿರದ್ದಿರಬೇಕು, ಬೆಂಗಳೂರಿನಲ್ಲಿ ನೌಕರಿ, ಸೈಟು ಇರಬೇಕು. ಆಗ ಕೋಪ ತಾನಾಗಿ ಇಳಿಯುತ್ತದೆ, ಛತ್ರ ಬುಕ್ಕಾಗುತ್ತದೆ, ಓಡಿಹೋದವಳು ಮನೆಯ ಲಕ್ಷ್ಮಿಯಾಗುತ್ತಾಳೆ. ಹುಡುಗ ದಲಿತನಾದರೆ ಅದೇ ಅಪ್ಪ, ಅದೇ ಅಣ್ಣತಮ್ಮಂದಿರು ಮಚ್ಚು ಮಸೆಯುತ್ತಾರೆ. ಅವಳ ಪಾಲಿಗೆ ಆರತಕ್ಷತೆಯಿಲ್ಲ, ತವರಿನ ಹೊಸ್ತಿಲಿಲ್ಲ. ಬದುಕಿದ್ದಾಗಲೇ ಅವಳ ತಿಥಿ ಮಾಡಿದ ಮನೆಗಳು ನಮ್ಮ ನಡುವೆ ಇವೆ. ಜಾತಿಯ ಬೇರು ಕೀಳುವ ನಿಜವಾದ ಮದ್ದು ಅಂತರ್ಜಾತಿ ವಿವಾಹವೇ ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಆ ಮದ್ದು ಕೆಲಸ ಮಾಡುತ್ತದೆಂದು ಗೊತ್ತಿರುವುದರಿಂದಲೇ ಜಾತಿವಂತರು ಅದಕ್ಕೆ ಇಷ್ಟು ಹೆದರುತ್ತಾರೆ.

ಆ ದಿನದ ಮಂಟಪದಲ್ಲಿ ಬಸವಣ್ಣನವರ ಪಟವಿತ್ತು, ಹೂವಿನ ಹಾರವಿತ್ತು. ಬಸವಣ್ಣನವರ ಕಾಲದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣನಾಗಿ ಹುಟ್ಟಿದ ಮಧುವರಸನ ಮಗಳಿಗೂ ಮದುವೆ ನಡೆದದ್ದು, ಅದಕ್ಕಾಗಿ ಆ ಇಬ್ಬರು ಅಪ್ಪಂದಿರು ಎಳೆಹೂಟೆ ಶಿಕ್ಷೆಗೆ ಗುರಿಯಾದದ್ದು ಪಟ ತೂಗುಹಾಕಿದವರಿಗೆ ಗೊತ್ತಿಲ್ಲವೇ? ಮಕ್ಕಳ ಮದುವೆಯ ಬೆನ್ನಿಗೆ ನಿಂತು ಪ್ರಾಣ ಕೊಟ್ಟ ಅಪ್ಪಂದಿರ ನಾಡಿದು. ಬೀಗರು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿಗೆ ಮಗಳ ಕಾಲುಂಗುರ ಬಚ್ಚಿಡುವ ಅಪ್ಪಂದಿರಿಗೆ ಆ ಪಟ ತೂಗುಹಾಕುವ ಹಕ್ಕಿಲ್ಲ.

ಊಟ ಹಾಕುವುದು ಬೇಡವೆಂದು ನಾನು ಹೇಳುತ್ತಿಲ್ಲ. ಮಕ್ಕಳು ತಾವೇ ಮದುವೆಯಾಗಿ ಆಮೇಲೆ ನೆಂಟರಿಷ್ಟರನ್ನು ಕರೆದರೆ ನಾನೂ ಪಂಕ್ತಿಯಲ್ಲಿ ಕೂರುತ್ತೇನೆ. ಆದರೆ ಮದುವೆ ಯಾವತ್ತು ಆಯಿತೋ ಆ ತಾರೀಖನ್ನೇ ಹೇಳಿ ಕರೆಯಿರಿ. 1966ರಲ್ಲಿ ಕುವೆಂಪು ತಮ್ಮ ಮಗ ತೇಜಸ್ವಿಯ ಮದುವೆಯನ್ನು ಮಂತ್ರಮಾಂಗಲ್ಯ ಪದ್ಧತಿಯಂತೆ ನಡೆಸಿದರು. ಪುರೋಹಿತರಿಲ್ಲ, ವರದಕ್ಷಿಣೆಯಿಲ್ಲ, ಆಡಂಬರವಿಲ್ಲ. ಅಷ್ಟು ದೊಡ್ಡ ಕವಿಯ ಮನೆಗೆ ಬೇಡವಾದ ಆಡಂಬರಕ್ಕಾಗಿ, ವಾಲಗ, ವೇದಿಕೆ, ಡ್ರೋನ್ ಕ್ಯಾಮರಾಗಳಿಗಾಗಿ ನೀವು ಹೊಲ ಅಡವಿಡುತ್ತೀರಿ, ಆ ಸಾಲ ತೀರಿಸಲು ತಂಗಿಯ ಓದು ನಿಲ್ಲಿಸುತ್ತೀರಿ.

ನೋಟಿಸು ಅಂಟಿಸುವ ಆ ಕಲಂ ರದ್ದಾಗಲೇಬೇಕು. ಅದು ಆಗುವವರೆಗೆ, ಅಳಿಸಿ ಬರೆದ ಇಂಥ ಮದುವೆಗಳ ಪತ್ರಿಕೆಯನ್ನು ನನಗೆ ಕಳಿಸಬೇಡಿ, ನಾನು ಬರುವುದಿಲ್ಲ. ರಿಜಿಸ್ಟರ್ ಆಫೀಸಿನಲ್ಲಿ ಮೂರು ಸಾಕ್ಷಿ ಬೇಕು. ಅಲ್ಲಿಗೆ ಕರೆಯಿರಿ, ಆಧಾರ್ ಕಾರ್ಡು ಜೇಬಿನಲ್ಲೇ ಇದೆ.